ಬಿಟ್ಟ ಗೋಧಿಯನ್ನು ಮತ್ತೆ ತಿನ್ನಬೇಕೆ?



ಕಳೆದ ಎರಡು ತಿಂಗಳಿಂದ ಇಲ್ಲಿ ಏನನ್ನೂ ಬರೆಯಲಾಗಲಿಲ್ಲ. ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ದೂರವಾಣಿ ಮಾಡಿ, "ಸಾರ್, ಆರೋಗ್ಯವಾಗಿದ್ದೀರಾ?" ಎಂದು ವಿಚಾರಿಸಿದರು. ನಾನು ಆರೋಗ್ಯವಾಗಿದ್ದೇನೆ. ಮನೆಯಲ್ಲಿ ಒಂದು ತೀರ್ಮಾನವನ್ನು ಕುರಿತು ಚರ್ಚೆ ನಡೆದಿತ್ತು. ಅದು ಒಂದು ನೆಲೆಗೆ ಬರುವವರೆಗೆ ಬೇರೆ ಯಾವ ವಿಷಯದ ಮೇಲೂ ಮನಸ್ಸು ನಿಲ್ಲಲಿಲ್ಲ. ಬಂಧುಗಳಲ್ಲಿ ಹಲವರು ಈ ಚರ್ಚೆಯಲ್ಲಿ ತಮ್ಮ ಅಭಿಪ್ರಾಯವನ್ನು ಈಗಾಗಲೇ ಹೇಳಿದ್ದಾರೆ. ಕೇಳದಿದ್ದರೂ ಹೇಳಿದವರೂ ಇದ್ದಾರೆ. ನನ್ನದನ್ನು ಇಲ್ಲಿ ಬರೆದಿಡುತ್ತೇನೆ. ಮಗಳ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.

ವಿಷಯವಿಷ್ಟು. ನನ್ನ ಕಿರಿಯ ಮಗಳು ಮದುವೆಯಾಗಿ 2011ರಲ್ಲಿ ಗಾಜಿಯಾಬಾದಿಗೆ ಹೋದಳು. ನಮ್ಮ ಮನೆಯ ಊಟ ನಿಮಗೆ ತಿಳಿದದ್ದೇ. ಮಧ್ಯಾಹ್ನ ರಾಗಿಮುದ್ದೆ, ರಾತ್ರಿ ಅನ್ನ ಸಾರು. ಗೋಧಿಯೆಂದರೆ ವಾರಕ್ಕೊಮ್ಮೆ ಉಪ್ಪಿಟ್ಟು, ಹಬ್ಬಕ್ಕೆ ಹೋಳಿಗೆ, ನೆಂಟರು ಬಂದರೆ ಪೂರಿ. ಅಲ್ಲಿಯಾದರೋ ಬೆಳಗ್ಗೆ ಪರಾಠ, ಎರಡು ಹೊತ್ತು ಚಪಾತಿ. ಮೊದಲ ಕೆಲವು ವರ್ಷ ಯಾವ ತೊಂದರೆಯೂ ತೋರಲಿಲ್ಲ. ಮಗ ಹುಟ್ಟಿದ ಮೇಲೆ ಅವಳು ಸೊರಗುತ್ತ ಹೋದಳು. ಹೊಟ್ಟೆಯುಬ್ಬರ, ಪದೇ ಪದೇ ಭೇದಿ, ವಾಸಿಯಾಗದ ಬಾಯಿಹುಣ್ಣು. ಕಬ್ಬಿಣದ ಮಾತ್ರೆಗಳನ್ನು ಎಷ್ಟು ನುಂಗಿದರೂ ಹಿಮೋಗ್ಲೋಬಿನ್ ಒಂಬತ್ತನ್ನು ದಾಟುತ್ತಿರಲಿಲ್ಲ. ಒಬ್ಬ ವೈದ್ಯರು ಮನಸ್ಸಿನ ಒತ್ತಡವೆಂದರು, ಇನ್ನೊಬ್ಬರು ನೀರು ಬದಲಾದದ್ದೆಂದರು. ಅಷ್ಟು ವರ್ಷಗಳ ನಂತರವೂ ನೀರು ಬದಲಾಗುತ್ತಲೇ ಇರುತ್ತದೆಯೇ ಎಂದು ನನಗೆ ಆಗಲೇ ಅನ್ನಿಸಿತ್ತು.

2024ರ ಯುಗಾದಿಗೆ ಊರಿಗೆ ಬಂದಾಗ ಅವಳು ಎಂಟು ದಿನ ಮುದ್ದೆ, ಅನ್ನ ಉಂಡು ಹಗುರಾದಳು. "ಅಪ್ಪಾ, ಇಲ್ಲಿ ನನಗೇನೂ ಆಗುವುದಿಲ್ಲ. ಗೋಧಿಯೇ ಒಗ್ಗುವುದಿಲ್ಲವೇನೋ" ಎಂದಳು. ಆಗ ನಾನು ಆಡಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ: "ಒಗ್ಗದ್ದನ್ನು ಬಿಟ್ಟುಬಿಡು. ಅದಕ್ಕೆ ವೈದ್ಯರೇಕೆ?" ಮಗಳು ಬಿಟ್ಟಳು. ಮೂರು ತಿಂಗಳಲ್ಲಿ ಭೇದಿ ನಿಂತಿತು, ವರ್ಷ ತುಂಬುವುದರೊಳಗೆ ಹಿಮೋಗ್ಲೋಬಿನ್ ಹನ್ನೊಂದಕ್ಕೆ ಏರಿತು. ನಾನು ಇದನ್ನು ಎಲ್ಲರೆದುರೂ ಹೆಮ್ಮೆಯಿಂದ ಹೇಳಿಕೊಂಡು ತಿರುಗಿದೆ.

ಹದಿನೆಂಟು ತಿಂಗಳ ನಂತರ ಬೇರಾವುದೋ ಕಾರಣಕ್ಕೆ ಕಂಡ ಜಠರತಜ್ಞೆಯೊಬ್ಬರು ಅವಳ ಕಥೆಯನ್ನೆಲ್ಲ ಕೇಳಿ ಒಂದೇ ಪ್ರಶ್ನೆ ಹಾಕಿದರಂತೆ: "ಗೋಧಿ ಬಿಡುವ ಮೊದಲು ರಕ್ತಪರೀಕ್ಷೆ ಮಾಡಿಸಿದ್ದಿರಾ?" ಇಲ್ಲವೆಂದಳು. "ಹಾಗಾದರೆ ಈಗ ಮಾಡಿಸಿದರೆ ಏನೂ ತಿಳಿಯದು. ತಿಳಿಯಬೇಕಾದರೆ ಆರು ವಾರ ಮತ್ತೆ ಗೋಧಿ ತಿನ್ನಬೇಕು" ಎಂದರಂತೆ. ಅಂದು ರಾತ್ರಿ ದೂರವಾಣಿಯಲ್ಲಿ ಮಗಳು ಅತ್ತಳು.

ನನ್ನ ಬಳಿ ಎಂಟನೆಯ ತರಗತಿ ಓದಿದವರಿಗೆ ಪಿಷ್ಟದ ಪರೀಕ್ಷೆ ನೆನಪಿರಬಹುದು. ಪ್ರನಾಳದಲ್ಲಿ ಗಂಜಿ, ಅದಕ್ಕೆ ಎರಡು ಹನಿ ಅಯೋಡಿನ್. ಕಡುನೀಲಿ ಬಂದರೆ ಪಿಷ್ಟವಿದೆಯೆಂದು ಅರ್ಥ. ಪ್ರತಿವರ್ಷವೂ ಒಬ್ಬನಾದರೂ ಪ್ರನಾಳವನ್ನು ಹೊಳೆಯುವಂತೆ ತೊಳೆದು ನಿಲ್ಲಿಸಿ, "ನೀಲಿ ಬಂದಿತ್ತು ಸಾರ್, ಆಮೇಲೆ ತೊಳೆದೆ" ಎನ್ನುತ್ತಿದ್ದ. ಅವನು ಸುಳ್ಳು ಹೇಳುತ್ತಿರಲಿಲ್ಲ. ಆದರೂ ನಾನು ಅಂಕ ಕೊಡದೆ ಇನ್ನೊಮ್ಮೆ ಮಾಡಿಸುತ್ತಿದ್ದೆ. ನನ್ನ ಮಗಳು ತೊಳೆದ ಪ್ರನಾಳವನ್ನು ಹಿಡಿದು ನಿಂತಿದ್ದಳು. ತೊಳೆಯಲು ಹೇಳಿದವನು ನಾನು.

ಕಾಯಿಲೆಯ ಹೆಸರು ಸೀಲಿಯಾಕ್. ಇದನ್ನು ಅಲರ್ಜಿಯೆಂದು ಕರೆಯುವುದು ಸರಿಯಲ್ಲ. ಗೋಧಿ, ಬಾರ್ಲಿ, ರೈ ಧಾನ್ಯಗಳಲ್ಲಿ ಗ್ಲುಟೆನ್ ಎಂಬ ಪ್ರೋಟೀನು ಇದೆ. ಚಪಾತಿ ಹಿಟ್ಟು ಎಳೆದರೆ ಹರಿಯದೆ ಜಗ್ಗುವುದು, ಹೋಳಿಗೆಯ ಕಣಕ ರಬ್ಬರಿನಂತೆ ಹಿಗ್ಗುವುದು ಇದರಿಂದಲೇ. ಕೆಲವರಲ್ಲಿ ದೇಹದ ರಕ್ಷಣಾವ್ಯವಸ್ಥೆಯು ಈ ಗ್ಲುಟೆನ್ನಿನ ನೆವದಿಂದ ತನ್ನದೇ ಸಣ್ಣಕರುಳಿನ ಮೇಲೆ ಎರಗುತ್ತದೆ. ಆಹಾರದ ಸಾರವನ್ನು ಹೀರಿಕೊಳ್ಳುವ ವಿಲ್ಲೈ ಎಂಬ ಬೆರಳಿನಂಥ ಚಾಚಿಕೆಗಳು ಸವೆದು ಕರುಳಿನ ಒಳಮೈ ಚಪ್ಪಟೆಯಾಗುತ್ತದೆ. ಕಬ್ಬಿಣದ ಮಾತ್ರೆ ಕೆಲಸ ಮಾಡದಿದ್ದುದಕ್ಕೆ ಹೀರಿಕೊಳ್ಳುವ ನೆಲವೇ ಹಾಳಾಗಿದ್ದುದು ಕಾರಣವಿರಬಹುದು. ರೋಗವನ್ನು ಪತ್ತೆಹಚ್ಚಲು ರಕ್ತದಲ್ಲಿ ಟಿಟಿಜಿ ಎಂಬ ಪ್ರತಿಕಾಯವನ್ನು ಅಳೆಯುತ್ತಾರೆ. ಆಮೇಲೆ ಎಂಡೋಸ್ಕೋಪಿ ಮಾಡಿ ಸಣ್ಣಕರುಳಿನ ಆರಂಭದ ಭಾಗದಿಂದ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ. ಗ್ಲುಟೆನ್ ಬಿಟ್ಟು ತಿಂಗಳುಗಳು ಕಳೆದರೆ ಪ್ರತಿಕಾಯ ಇಳಿಯುತ್ತದೆ, ಕರುಳು ಮಾಗುತ್ತದೆ. ಮಾಗಬೇಕೆಂದೇ ಪಥ್ಯ ಮಾಡುವುದು. ಆದರೆ ಮಾಗಿದ ಕರುಳು ಸಾಕ್ಷಿ ಹೇಳುವುದಿಲ್ಲ.

ಗ್ಲುಟೆನ್ ತಿನ್ನದೆಯೂ ಮಾಡಬಹುದಾದ ಪರೀಕ್ಷೆಯೊಂದಿದೆ, ಅದು ವಂಶವಾಹಿಯದು. ಎಚ್‌ಎಲ್‌ಎ ಡಿಕ್ಯು2 ಅಥವಾ ಡಿಕ್ಯು8 ಎಂಬ ಗುರುತು ಇಲ್ಲದವರಿಗೆ ಈ ರೋಗ ಬರುವುದು ತೀರ ವಿರಳ. ಅದು ಇಲ್ಲವೆಂದಾದರೆ ಗೋಧಿ ತಿನ್ನುವ ಪ್ರಶ್ನೆಯೇ ಉಳಿಯುವುದಿಲ್ಲ. ಆದಕಾರಣ ಆರು ವಾರದ ಕಷ್ಟಕ್ಕೆ ಮೊದಲೇ ಇದನ್ನು ಮಾಡಿಸಬೇಕು. ಮಗಳೂ ಮಾಡಿಸಿದಳು. ಗುರುತು ಇತ್ತು. ಇದ್ದಮಾತ್ರಕ್ಕೆ ರೋಗವಿದೆಯೆಂದಲ್ಲ, ನಮ್ಮ ದೇಶದ ಜನರಲ್ಲಿ ಸುಮಾರು ಮೂರರಲ್ಲಿ ಒಬ್ಬರಿಗೆ ಅದು ಇರುತ್ತದೆ.

ಈ ಕುರಿತು 2016ರಲ್ಲಿ ಪ್ರಕಟವಾದ ಒಂದು ಅಧ್ಯಯನ ನನಗೆ ಬಹಳ ಕುತೂಹಲಕರವಾಗಿ ಕಂಡಿತು. ಉತ್ತರ, ಈಶಾನ್ಯ ಮತ್ತು ದಕ್ಷಿಣ ಭಾರತದ 23,000ಕ್ಕೂ ಹೆಚ್ಚು ಆರೋಗ್ಯವಂತ ವಯಸ್ಕರ ರಕ್ತವನ್ನು ಪರೀಕ್ಷಿಸಿದ್ದರು. ಸೀಲಿಯಾಕ್‌ನ ಪ್ರತಿಕಾಯವು ಉತ್ತರದಲ್ಲಿ ನೂರಕ್ಕೆ 1.23, ದಕ್ಷಿಣದಲ್ಲಿ ನೂರಕ್ಕೆ 0.10 ಮಂದಿಯಲ್ಲಿ ಕಂಡುಬಂದಿತು. ವಂಶವಾಹಿಯ ಗುರುತು ಮಾತ್ರ ಎರಡೂ ಕಡೆ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿತ್ತು. ದೊಡ್ಡ ಅಂತರವಿದ್ದುದು ತಟ್ಟೆಯಲ್ಲಿ: ದಿನವೊಂದಕ್ಕೆ ಉತ್ತರದವರು ಸರಾಸರಿ 455 ಗ್ರಾಂ ಗೋಧಿ ತಿನ್ನುತ್ತಿದ್ದರೆ, ದಕ್ಷಿಣದವರು 25 ಗ್ರಾಂ. ಇಲ್ಲಿಂದ ಉದ್ಯೋಗಕ್ಕೆಂದು ಉತ್ತರಕ್ಕೆ ಹೋದ, ವಿದೇಶಕ್ಕೆ ಹೋಗಿ ಬ್ರೆಡ್ಡು ಪಾಸ್ತಾಗಳಿಗೆ ಒಗ್ಗಿಕೊಂಡ ನನ್ನ ವಿದ್ಯಾರ್ಥಿಗಳು ಈ ಅಂಕಿಗಳನ್ನು ಒಮ್ಮೆ ನೋಡಿಕೊಳ್ಳಲಿ. ಊರಿನಲ್ಲಿರುವ ನಾವೂ ಈಗ 'ರಾತ್ರಿ ಚಪಾತಿ'ಯ ಜನ. ಸಕ್ಕರೆ ಕಾಯಿಲೆಯೆಂದರೆ ಸಾಕು, ಮುದ್ದೆ ಬಿಟ್ಟು ಚಪಾತಿಗೆ ಬಂದುಬಿಡುತ್ತೇವೆ.

ಇನ್ನು ತೀರ್ಮಾನದ ವಿಷಯ. ನನ್ನ ಭಾವಮೈದುನರು ಖಾರವಾಗಿಯೇ ಕೇಳಿದರು: "ಹುಡುಗಿ ಚೆನ್ನಾಗಿದ್ದಾಳೆ. ಒಂದು ಕಾಗದದ ಮೇಲೆ ರೋಗದ ಹೆಸರು ಬರೆಸಿಕೊಳ್ಳಲು ಕಾಯಿಲೆ ಬರಿಸಿಕೊಳ್ಳಬೇಕೆ? ರೋಗ ಇದ್ದರೂ ಗೋಧಿ ಬಿಡಬೇಕು, ಇಲ್ಲದಿದ್ದರೂ ಬಿಟ್ಟೇ ಇದ್ದಾಳೆ. ಫಲವೇನು?" ಇದು ಹಗುರವಾದ ಪ್ರಶ್ನೆಯಲ್ಲ. ಒಂದು ವಾರ ನಾನೂ ಅವರ ಪಕ್ಷದಲ್ಲಿಯೇ ಇದ್ದೆ.

ನನ್ನ ಮನಸ್ಸು ತಿರುಗಿದ್ದು ಇಂಗಿನ ಡಬ್ಬಿಯಿಂದ. ದಸರೆಗೆ ಮಗಳು ಬಂದಿದ್ದಾಗ ಸಾರಿಗೆ ಇಂಗು ಹಾಕುತ್ತ, ಸುಮ್ಮನೆ ಡಬ್ಬಿಯ ಹಿಂಬದಿಯನ್ನು ಓದಿದೆ. ಅದರಲ್ಲಿ ಗೋಧಿಹಿಟ್ಟು ಇತ್ತು. ಅಂಗಡಿಯ ಕೂಟು ಇಂಗು ಬಹಳಷ್ಟು ಹೀಗೆಯೇ. ಹದಿನೆಂಟು ತಿಂಗಳು 'ಗೋಧಿ ಬಿಟ್ಟ' ಮಗಳು ದಿನವೂ ಇಂಗಿನ ಸಾರು ಉಣ್ಣುತ್ತಿದ್ದಳು. ಚಪಾತಿ ಬೇಯಿಸಿದ ಕಾವಲಿಯ ಮೇಲೆಯೇ ಅವಳ ದೋಸೆ. ಮಾಲ್ಟ್ ಹಾಕಿದ ಪಾನೀಯದ ಪುಡಿಯಲ್ಲಿ ಬಾರ್ಲಿಯಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ಸೀಲಿಯಾಕ್ ಇರುವವರಿಗೆ ಈ ಚೂರುಪಾರೂ ಲೆಕ್ಕಕ್ಕೆ ಬರುತ್ತದೆ. ಗ್ಲುಟೆನ್‌ರಹಿತವೆಂದು ಮಾರುವ ಆಹಾರದಲ್ಲಿ ಕಿಲೋಗ್ರಾಂಗೆ 20 ಮಿಲಿಗ್ರಾಂಗಿಂತ ಹೆಚ್ಚು ಗ್ಲುಟೆನ್ ಇರಕೂಡದೆಂದು ನಮ್ಮ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮವೇ ಇದೆ. ಮೇಲ್ನೋಟಕ್ಕೆ ಗುಣವಾದಂತೆ ಕಂಡರೂ ಒಳಗೆ ಕರುಳು ಸವೆಯುತ್ತಲೇ ಇರಬಹುದು, ಮೂಳೆ ಟೊಳ್ಳಾಗುತ್ತಿರಬಹುದು. ರೋಗ ಖಚಿತವಾದರೆ ಮನೆಯಲ್ಲಿ ಬೇರೆ ಕಾವಲಿ, ಬೇರೆ ಡಬ್ಬಿ. ಮೂಳೆಯ ಸಾಂದ್ರತೆಯ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ಕಾಲಕಾಲಕ್ಕೆ ತಪಾಸಣೆ. ಇಂಥ ಶಿಸ್ತು 'ನನಗೆ ಒಗ್ಗುವುದಿಲ್ಲ' ಎಂಬ ಊಹೆಯ ಮೇಲೆ ಜೀವನಪರ್ಯಂತ ನಿಲ್ಲುವುದಿಲ್ಲ. ಮದುವೆಮನೆಯಲ್ಲಿ ಯಾರೋ "ಒಂದು ಹೋಳಿಗೆಗೆ ಏನಾಗುತ್ತದೆ?" ಎಂದರೆ ಕೈ ಮುಂದೆ ಹೋಗುತ್ತದೆ.

ರೋಗ ಇಲ್ಲವೆಂದಾದರೂ ಲಾಭವಿದೆ. ನಾರ್ವೆಯಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ಸೀಲಿಯಾಕ್ ಇಲ್ಲದಿದ್ದರೂ ತಾವಾಗಿಯೇ ಗ್ಲುಟೆನ್ ಬಿಟ್ಟಿದ್ದ 59 ಜನರಿಗೆ, ಒಳಗೆ ಏನಿದೆಯೆಂದು ತಿಳಿಸದೆ ಮೂರು ಬಗೆಯ ತಿನಿಸು ಕೊಟ್ಟರು. ಅವರಿಗೆ ಹೆಚ್ಚು ತೊಂದರೆಯಾದದ್ದು ಗ್ಲುಟೆನ್ನಿನಿಂದಲ್ಲ, ಫ್ರಕ್ಟಾನ್ ಎಂಬ ಶರ್ಕರದಿಂದ. ಅದು ಗೋಧಿಯಲ್ಲಿದೆ, ಈರುಳ್ಳಿ ಬೆಳ್ಳುಳ್ಳಿಗಳಲ್ಲಿಯೂ ಇದೆ. ಮಗಳದು ಈ ಬಗೆಯದಾದರೆ ಅವಳು ಇಂಗಿಗೆ ಹೆದರಬೇಕಿಲ್ಲ, ಬೇರೆ ಕಾವಲಿ ಬೇಕಿಲ್ಲ. ರಕ್ತಹೀನತೆಗೆ ಬೇರೆ ಕಾರಣವನ್ನು ಹುಡುಕಲೇಬೇಕಾಗುತ್ತದೆ, ಅದು ಇದಕ್ಕಿಂತ ಮುಖ್ಯವಾದದ್ದೂ ಆಗಿರಬಹುದು.

ಮೂರನೆಯವನು ಮೊಮ್ಮಗ. ಒಂಬತ್ತು ವರ್ಷದವನು, ತರಗತಿಯಲ್ಲಿ ಎಲ್ಲರಿಗಿಂತ ಗಿಡ್ಡ. ತಾಯಿಗೆ ಸೀಲಿಯಾಕ್ ಇದ್ದರೆ ಮಕ್ಕಳಿಗೆ, ಒಡಹುಟ್ಟಿದವರಿಗೆ, ತಂದೆತಾಯಿಗೆ ಬರುವ ಸಂಭವ ಉಳಿದವರಿಗಿಂತ ಬಹಳ ಹೆಚ್ಚು, ಸುಮಾರು ಹತ್ತರಲ್ಲಿ ಒಂದು. ಮಗಳು ಅವನಿಗೂ ಚಪಾತಿ ನಿಲ್ಲಿಸುವವಳಿದ್ದಳು. ವೈದ್ಯೆ ತಡೆದರು. "ಅವನು ತಿನ್ನುತ್ತಿದ್ದಾನೆ, ಈಗಲೇ ರಕ್ತ ಕೊಡಲಿ" ಎಂದರು. ಅವನದು ಸದ್ಯಕ್ಕೆ ಸರಿಯಾಗಿದೆ. ಆದರೆ ಇಂದು ಇಲ್ಲವೆಂದರೆ ಎಂದೂ ಇಲ್ಲವೆಂದಲ್ಲ. ತಾಯಿಗೆ ರೋಗವಿದೆಯೆಂದು ಖಚಿತವಾದರೆ ಕೆಲವು ವರ್ಷಗಳಿಗೊಮ್ಮೆ ಅವನನ್ನು ಮತ್ತೆ ಪರೀಕ್ಷಿಸಬೇಕು. ಇಲ್ಲವೆಂದಾದರೆ ಆ ಹುಡುಗ ನೆಮ್ಮದಿಯಾಗಿ ಬಿಸ್ಕತ್ತು ತಿಂದುಕೊಂಡಿರಲಿ. ಆ ಕಾಗದ ನನ್ನ ಮಗಳೊಬ್ಬಳದಲ್ಲ ಎಂಬ ಮಾತನ್ನು ನನ್ನ ಭಾವಮೈದುನರಿಗೆ ಹೇಳಿದೆ. ಅವರು ಮೌನವಾದರು, ಒಪ್ಪಿದರೆಂದು ಹೇಳಲಾರೆ.

ಇನ್ನೊಬ್ಬರ ನೆನಪೂ ಇಲ್ಲಿ ಬರುತ್ತದೆ. ನನ್ನ ಪತ್ನಿಯನ್ನು ಕಂಡವರಿಗೆ ಅವಳ ಬಿಳಿಚಿದ ಮುಖ ನೆನಪಿರಬಹುದು. ಮೂವತ್ತು ವರ್ಷ 'ರಕ್ತ ಸಾಲದು' ಎಂದೇ ಕೇಳುತ್ತ ಬಂದೆವು. ಟಾನಿಕ್ಕಿನ ಸೀಸೆಗಳು, ಬೀಟ್‌ರೂಟು, ನುಗ್ಗೆಸೊಪ್ಪು. ನಿಶ್ಶಕ್ತಿ ಹೆಚ್ಚಾದಾಗಲೆಲ್ಲ ಹಗುರವಾದ ಆಹಾರವೆಂದು ನಾನೇ ಗೋಧಿನುಚ್ಚಿನ ಗಂಜಿ ಮಾಡಿ ಕೊಡುತ್ತಿದ್ದೆ, ಬ್ರೆಡ್ಡು ಹಾಲಿನಲ್ಲಿ ಅದ್ದಿ ಕೊಡುತ್ತಿದ್ದೆ. ಅವಳಿಗೂ ಇದೇ ಇತ್ತೆಂದು ನಾನು ಹೇಳುತ್ತಿಲ್ಲ. ನಮ್ಮ ಕಡೆ ಇದು ಅಪರೂಪ, ನಮ್ಮ ಮನೆಗೆ ಗೋಧಿ ಬರುತ್ತಿದ್ದುದೂ ಕಡಿಮೆ. ಬೇರೆ ಕಾರಣವಿರುವ ಸಾಧ್ಯತೆಯೇ ಹೆಚ್ಚು. ಅವಳು ಹೋಗಿ ಎಂಟು ವರ್ಷವಾಯಿತು. ಆ ಕಾರಣ ಯಾವುದೆಂದು ಇನ್ನು ಯಾರೂ ಹೇಳಲಾರರು. ಮೊಮ್ಮಗನು ಮುಂದೊಂದು ದಿನ ತನ್ನ ತಾಯಿಯ ವಿಷಯದಲ್ಲಿ ಹೀಗೆ ಊಹಿಸುತ್ತ ಕುಳಿತುಕೊಳ್ಳುವುದು ನನಗೆ ಬೇಡವಾಗಿತ್ತು.

ಮತ್ತೆ ತಿನ್ನಿಸಿ ನೋಡುವುದು ಹೊಸ ಕ್ರೌರ್ಯವೇನಲ್ಲ; ಈ ರೋಗದ ಗುಟ್ಟು ಬಯಲಾದದ್ದೇ ಹಾಗೆ. ಲಂಡನ್ನಿನ ಸ್ಯಾಮ್ಯುಯೆಲ್ ಗೀ ಎಂಬ ವೈದ್ಯರು 1888ರಲ್ಲಿಯೇ ಇದರ ಲಕ್ಷಣಗಳನ್ನು ವಿವರವಾಗಿ ಬರೆದಿದ್ದರು. ಆಹಾರದಿಂದಲೇ ಗುಣವಾಗಬೇಕೆಂದೂ ಹೇಳಿದ್ದರು. ಯಾವ ಆಹಾರವೆಂದು ತಿಳಿಯಲಿಲ್ಲ. 1924ರಲ್ಲಿ ಅಮೆರಿಕದ ಸಿಡ್ನಿ ಹಾಸ್ ಮಕ್ಕಳಿಗೆ ಬಾಳೆಹಣ್ಣಿನ ಪಥ್ಯ ಮಾಡಿಸಿದರು. ಮಕ್ಕಳು ಚೇತರಿಸಿಕೊಂಡರು, ಬಾಳೆಹಣ್ಣಿಗೆ ಕೀರ್ತಿ ಬಂದಿತು. ಆ ಪಥ್ಯದಲ್ಲಿ ಬ್ರೆಡ್ಡು ಇಲ್ಲದಿದ್ದುದೇ ಕಾರಣವೆಂದು ಯಾರಿಗೂ ಹೊಳೆಯಲಿಲ್ಲ. (ನನ್ನ ಹಾಗೆಯೇ! ಗುಣವಾಯಿತಲ್ಲ, ಕಾರಣವೇಕೆ?) ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆ ಅವರಿಗೆ ಯುದ್ಧಕ್ಕೆ ಮೊದಲೇ ಗೋಧಿಯ ಮೇಲೆ ಸಂಶಯವಿತ್ತು. 1944–45ರ ಚಳಿಗಾಲದ ಭೀಕರ ಬರಗಾಲವು ಆ ಸಂಶಯವನ್ನು ಬಲಪಡಿಸಿತೆಂದು ಹೇಳುತ್ತಾರೆ. ಬ್ರೆಡ್ಡು ಸಿಗದ ದಿನಗಳಲ್ಲಿ ಸೀಲಿಯಾಕ್ ಮಕ್ಕಳು ಚೇತರಿಸಿಕೊಂಡರು, ಬ್ರೆಡ್ಡು ಮರಳಿದಾಗ ಮತ್ತೆ ಕೆಟ್ಟರು. ಡಿಕೆ ಮತ್ತು ಸಂಗಡಿಗರು ಗೋಧಿ ಕೊಟ್ಟು, ನಿಲ್ಲಿಸಿ, ಮತ್ತೆ ಕೊಟ್ಟು, ಮಲದಲ್ಲಿ ಹೋಗುವ ಕೊಬ್ಬನ್ನು ಅಳೆದರು. ಡಿಕೆ ಅವರ ಪ್ರಬಂಧ 1950ರಲ್ಲಿ ಬಂದಿತು. ಇಂದು ಎಳೆಯ ಮಕ್ಕಳಿಗೆ, ಸಾಮಾನ್ಯವಾಗಿ ಐದು ವರ್ಷದೊಳಗೆ, ಮತ್ತು ಪ್ರಾಯಕ್ಕೆ ಬರುತ್ತಿರುವ ಬೆಳವಣಿಗೆಯ ಕಾಲದಲ್ಲಿ ಹೀಗೆ ತಿನ್ನಿಸಿ ನೋಡುವುದನ್ನು ವೈದ್ಯರು ತಪ್ಪಿಸುತ್ತಾರೆ. ಅದು ಸರಿಯಾದ ಎಚ್ಚರಿಕೆ.

ಎಷ್ಟು ತಿನ್ನಬೇಕೆಂಬ ವಿಷಯದಲ್ಲಿ ಒಂದೇ ಮಾತಿಲ್ಲ. ಅಮೆರಿಕದ ಜಠರತಜ್ಞರ ಸಂಘದ 2013ರ ಮಾರ್ಗದರ್ಶಿಯು ದಿನಕ್ಕೆ 3 ಗ್ರಾಂ ಗ್ಲುಟೆನ್ ಎರಡು ವಾರ, ಸಹಿಸಬಲ್ಲವರಾದರೆ ಎಂಟು ವಾರದವರೆಗೆ ಎಂದಿತ್ತು. ಬ್ರಿಟನ್ನಿನ 2015ರ ಮಾರ್ಗದರ್ಶಿಯು ದಿನಕ್ಕೆ ಒಂದಕ್ಕಿಂತ ಹೆಚ್ಚು ಊಟದಲ್ಲಿ, ಕನಿಷ್ಠ ಆರು ವಾರ ಎನ್ನುತ್ತದೆ. 3 ಗ್ರಾಂ ಎಂದರೆ ಹೆಚ್ಚುಕಡಿಮೆ ಒಂದು ಚಪಾತಿ. ಆ ಒಂದು ಚಪಾತಿಗಾಗಿ ಎರಡು ತಿಂಗಳು ಮನೆಯವರೆಲ್ಲ ವಾದ ಮಾಡಿದೆವು. ಮೆಲ್ಬರ್ನ್‌ನ ಸಂಶೋಧಕರು ಗೋಧಿ ತಿನ್ನದೆಯೇ, ತೆಗೆದ ರಕ್ತಕ್ಕೆ ಗ್ಲುಟೆನ್ ಬೆರೆಸಿ ಅದರ ಪ್ರತಿಕ್ರಿಯೆಯನ್ನು ಅಳೆಯುವ ವಿಧಾನವೊಂದನ್ನು 2025ರಲ್ಲಿ ಪ್ರಕಟಿಸಿದ್ದಾರೆ. ಅದು ಎಲ್ಲೆಡೆ ಬಳಕೆಗೆ ಬಂದರೆ ಈ ಬರಹವೇ ಅನಗತ್ಯವಾಗುತ್ತದೆ. ಆಗಲಿ, ಸಂತೋಷ.

ಆದ್ದರಿಂದ ನನ್ನ ಅಭಿಪ್ರಾಯ: ಗೋಧಿ ಬಿಡುವ ಮೊದಲು ರಕ್ತ ಕೊಡಿ. ಈಗಾಗಲೇ ಬಿಟ್ಟವರು ಮೊದಲು ವಂಶವಾಹಿಯ ಪರೀಕ್ಷೆ ಮಾಡಿಸಿ. ಗುರುತು ಇದ್ದು, ಫಲಿತಾಂಶದಿಂದ ನಿಮ್ಮ ಅಥವಾ ಮಕ್ಕಳ ಬದುಕಿನಲ್ಲಿ ಏನಾದರೂ ಬದಲಾಗುವಂತಿದ್ದರೆ, ವೈದ್ಯರ ಕಣ್ಣಳತೆಯಲ್ಲಿ ಮತ್ತೆ ತಿನ್ನಿ. ಒಂದು ತುತ್ತಿಗೇ ಹಾಸಿಗೆ ಹಿಡಿಯುವವರು, ಬಸುರಿಯರು, ನೋಡಿಕೊಳ್ಳುವವರಿಲ್ಲದೆ ಒಂಟಿಯಾಗಿರುವವರು ಬೇಡವೆಂದರೆ ಅವರನ್ನು ಯಾರೂ ಹಂಗಿಸಕೂಡದು. ಅಂಥವರು ರೋಗವಿದೆಯೆಂದೇ ತಿಳಿದು ಪೂರ್ಣ ಶಿಸ್ತಿನಿಂದ ನಡೆಯುವುದೂ ಒಂದು ದಾರಿಯೇ. ತಿನ್ನಬೇಕೋ ಬೇಡವೋ ಎಂಬ ಕೊನೆಯ ಮಾತು ತಿನ್ನುವವರದು. ನಾನು ಮಗಳಿಗೆ ಒಂದು ಸಲ ಅಪ್ಪಣೆ ಕೊಟ್ಟು ಕೆಟ್ಟವನು. ಈ ಸಲ ನನಗೆ ತಿಳಿದದ್ದನ್ನು ಹೇಳಿ ಸುಮ್ಮನಾದೆ. ನಾಲ್ಕು ದಿನ ಯೋಚಿಸಿ ಅವಳೇ ಒಪ್ಪಿದಳು. ಕಷ್ಟ ಮಿತಿಮೀರಿದರೆ ಎರಡು ವಾರಕ್ಕೇ ನಿಲ್ಲಿಸಿ ಪರೀಕ್ಷೆ ಮಾಡುವುದೆಂದು ವೈದ್ಯೆಯೂ ಮಾತು ಕೊಟ್ಟರು.

ಆರು ವಾರ ಅವಳ ಜೊತೆಗಿರಲು ನಾನು ಗಾಜಿಯಾಬಾದಿಗೆ ಬಂದಿದ್ದೇನೆ. ಚಳಿ ವಿಪರೀತ. ಅಳಿಯ ಬೆಳಗ್ಗೆ ಕೆಲಸಕ್ಕೆ ಹೋದರೆ ಮೊಮ್ಮಗನನ್ನು ಶಾಲೆಗೆ ಬಿಡುವುದು, ಅಡುಗೆ ಎರಡೂ ನನ್ನವು. ಮೊದಲನೆಯ ದಿನ ಅವಳು ಹೋಳಿಗೆ ಬೇಕೆಂದಳು. ಎರಡು ಯುಗಾದಿಗಳ ಬಾಕಿಯಂತೆ. ನನ್ನ ಕೈಯ ಹೋಳಿಗೆ ಭೂಪಟದಂತೆ ಬಂದಿತು, ನಗುತ್ತ ತಿಂದಳು. ಐದನೆಯ ದಿನ ಹೊಟ್ಟೆಯುಬ್ಬರ ಆರಂಭವಾಯಿತು. ಹತ್ತನೆಯ ದಿನಕ್ಕೆ ಬಾಯಿಹುಣ್ಣು. ಈಗ ಅವಳು ಶಾಲೆಗೆ ರಜೆ ಹಾಕಿದ್ದಾಳೆ. ಪ್ರತಿದಿನದ ಲಕ್ಷಣಗಳನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್ಕಿನಲ್ಲಿ ಬರೆಯುತ್ತಾಳೆ; ನಾನು ರಾತ್ರಿ ಅದಕ್ಕೆ ಸಹಿ ಹಾಕಬೇಕೆಂಬುದು ಮೊಮ್ಮಗನ ಆಜ್ಞೆ.

ಇಂದು ಇಪ್ಪತ್ತಮೂರನೆಯ ದಿನ. ಈಗಷ್ಟೇ ಎರಡನೆಯ ಚಪಾತಿಯನ್ನು ಅರ್ಧ ತಿಂದು ತಟ್ಟೆಯನ್ನು ಬದಿಗಿಟ್ಟಿದ್ದಾಳೆ. ವೈದ್ಯೆ ಹೇಳಿದ ಅಳತೆ ಬೆಳಗಿನ ಬ್ರೆಡ್ಡು ಸೇರಿ ಆಗಿದೆ, ಸಾಕು ಎಂದೆ. ರಕ್ತಪರೀಕ್ಷೆಗೆ ಇನ್ನು ಹತ್ತೊಂಬತ್ತು ದಿನಗಳಿವೆ. ಫಲಿತಾಂಶ ಬಂದ ಮೇಲೆ, ಅವಳು ಒಪ್ಪಿದರೆ, ತಿಳಿಸುತ್ತೇನೆ.